ಬಂದ ಹಾಗೇ ಹಿಡಿದಿಡಿ: ಇಂಟರ್‌ನೆಟ್ ರೇಡಿಯೋ ರೆಕಾರ್ಡಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ರೇಡಿಯೋ ಬಗ್ಗೆಯೇ ಇವೆ. ಕೇಳುವುದಷ್ಟೇ ಸಾಲದು, ಇಟ್ಟುಕೊಳ್ಳಬೇಕು ಅನ್ನುವವರು ಇನ್ನೂ ಇಷ್ಟು ಜನ ಇದ್ದಾರಲ್ಲ ಅಂತ ನನಗೆ ತುಂಬಾ ಸಂತೋಷವಾಯಿತು. ಅದಕ್ಕೇ ಪೂರ್ತಿ ಅಂಕಣವನ್ನು ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಆಕಾಶವಾಣಿಯ ರಾಗಂ ಚಾನೆಲ್‌ನಲ್ಲಿ ಬರುವ ಹಿಂದೂಸ್ತಾನಿ ಕಛೇರಿಗಳನ್ನು ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳುವ ಆಸೆ. ವಿಂಡೋಸ್ 11 ಇದೆ. ಹುಡುಕಿದರೆ ಹತ್ತಾರು ಸಾಫ್ಟ್‌ವೇರ್ ಬರುತ್ತವೆ. ಒಂದನ್ನು ಹಾಕಿ ನೋಡಿದೆ, ಸ್ವಲ್ಪ ಹೊತ್ತಿಗೇ ನಿಂತು ‘ದುಡ್ಡು ಕೊಟ್ಟು ಕೊಳ್ಳಿ’ ಅನ್ನುತ್ತದೆ. ಯಾವುದನ್ನು ಆರಿಸಲಿ, ಸರ್?
— ಓದುಗರೊಬ್ಬರು, ಧಾರವಾಡ

ಉತ್ತರ: ದುಡ್ಡು ಕೊಡಬೇಡಿ ಗುರುಗಳೇ. ನಿಮ್ಮ ಕೆಲಸಕ್ಕೆ ಬೇಕಾದ್ದು ಪುಕ್ಕಟೆಯಾಗಿಯೇ ಸಿಗುತ್ತದೆ, ಅದೂ ದುಡ್ಡಿನದ್ದಕ್ಕಿಂತ ಚೆನ್ನಾಗಿ.

ಹೆಸರು ಹೇಳುವ ಮೊದಲು ಒಂದು ಮಾತು. ಇಂಥ ಸಾಫ್ಟ್‌ವೇರ್‌ಗಳು ಎಷ್ಟೇ ಇರಲಿ, ಇರುವುದು ಎರಡೇ ಜಾತಿ. ಮೊದಲನೆಯ ಜಾತಿ ಇಂಟರ್‌ನೆಟ್‌ನಿಂದ ಹರಿದು ಬರುವ ಡೇಟಾವನ್ನು ಮುಟ್ಟದೆ, ಬಂದ ಹಾಗೇ ಫೈಲ್‌ಗೆ ಇಳಿಸುತ್ತದೆ. ಎರಡನೆಯದು ಆ ಡೇಟಾ ಬಿಚ್ಚಿ, ಧ್ವನಿಯಾಗಿ, ಸೌಂಡ್ ಕಾರ್ಡ್‌ಗೆ ಹೋದ ಮೇಲೆ ಅದನ್ನು ಹಿಡಿದು ಇನ್ನೊಮ್ಮೆ ರೆಕಾರ್ಡ್ ಮಾಡುತ್ತದೆ. ಮೊದಲು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸುತ್ತಿದ್ದೆವಲ್ಲ, ಪ್ರತಿ ಸಲವೂ ಸ್ವಲ್ಪ ಮಂಕಾಗುತ್ತಿತ್ತು. ಎರಡನೆಯ ಜಾತಿಯ ಕಥೆ ಅದೇ. ಬಂದ ಧ್ವನಿ ಈಗಾಗಲೇ ಒಂದು ಸಲ ಕುಗ್ಗಿಸಿದ್ದು. ನೀವು ಅದನ್ನು ಎಂಪಿ3 ಮಾಡಿದರೆ ಎರಡನೇ ಸಲ ಕುಗ್ಗಿಸಿದ ಹಾಗೆ. ಮಾತಿನ ಕಾರ್ಯಕ್ರಮದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಕಛೇರಿಯಲ್ಲಿ ಗೊತ್ತಾಗುತ್ತದೆ. ವಿಲಂಬಿತ್ ಖಯಾಲ್ ಶುರುವಾಗುವ ಮೊದಲು ಬರೀ ತಂಬೂರಿ ನುಡಿಯುವ ಹೊತ್ತಿದೆಯಲ್ಲ, ಅಲ್ಲಿ ಹೆಡ್‌ಫೋನ್ ಹಾಕಿ ಕೇಳಿ. ಎರಡು ಸಲ ಕುಗ್ಗಿಸಿದ ಫೈಲ್‌ನಲ್ಲಿ ತಂತಿಯ ಝೇಂಕಾರ ನೀರಿನೊಳಗಿಂದ ಬಂದ ಹಾಗೆ ನಡುಗುತ್ತದೆ. ಒಮ್ಮೆ ಕೇಳಿದಿರೋ, ಆಮೇಲೆ ಅದೇ ಕಿವಿಗೆ ಬೀಳುತ್ತಿರುತ್ತದೆ.

ಹಾಗಾಗಿ ಸ್ಟ್ರೀಮ್‌ನ, ಅಂದರೆ ಹರಿದು ಬರುವ ಆ ಡೇಟಾದ, ವಿಳಾಸ ಸಿಗುವುದಾದರೆ ಮೊದಲನೆಯ ಜಾತಿಯನ್ನೇ ಆರಿಸಿ. ನಿಮಗೆ ನಾನು ಹೇಳುವುದು ವಿಎಲ್‌ಸಿ ಎಂಬ ಪ್ಲೇಯರ್. ಪ್ಯಾರಿಸ್‌ನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿದ ಕೆಲಸದಿಂದ ಹುಟ್ಟಿದ್ದು. 2001ರಿಂದ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿದೆ. ಜಾಹೀರಾತಿಲ್ಲ, ‘ಕೊಳ್ಳಿ’ ಅನ್ನುವ ಕಾಟವಿಲ್ಲ. ಆದರೆ ಅದನ್ನು ತಯಾರಿಸುವ ವಿಡಿಯೋಲ್ಯಾನ್ ಸಂಸ್ಥೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ.

ಈಗ ವಿಳಾಸ ಹುಡುಕುವುದು. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ ರಾಗಂ ಆಗಲಿ, ಆಕಾಶವಾಣಿಯ ಬೇರೆ ನಿಲಯಗಳಾಗಲಿ, ಇಂಟರ್‌ನೆಟ್‌ನಲ್ಲಿ ಎಚ್‌ಎಲ್‌ಎಸ್ ಎಂಬ ಪದ್ಧತಿಯಲ್ಲಿ ಬರುತ್ತವೆ. ಧ್ವನಿಯನ್ನು ಕೆಲವೇ ಸೆಕೆಂಡುಗಳ ಚಿಕ್ಕ ಚಿಕ್ಕ ತುಂಡು ಮಾಡಿ, ಆ ತುಂಡುಗಳ ಒಂದು ಪಟ್ಟಿಯನ್ನು ಕೊಡುತ್ತಾ ಹೋಗುತ್ತಾರೆ. ಆ ಪಟ್ಟಿಯ ಹೆಸರು ಎಂ3ಯು8 ಅಂತ ಮುಗಿಯುತ್ತದೆ. ನಿಮಗೆ ಬೇಕಾದ್ದು ಅದೇ. ಕ್ರೋಮ್‌ನಲ್ಲಿ ಆಕಾಶವಾಣಿಯ ನೇರ ಪ್ರಸಾರ ಕೇಳಿಸುವ ತಾಣ ತೆರೆಯಿರಿ. ಎಫ್12 ಒತ್ತಿ, ‘ನೆಟ್‌ವರ್ಕ್’ ಟ್ಯಾಬ್‌ಗೆ ಹೋಗಿ. ಅಲ್ಲಿರುವ ಫಿಲ್ಟರ್ ಪೆಟ್ಟಿಗೆಯಲ್ಲಿ ಎಂ3ಯು8 ಅಂತ ಇಂಗ್ಲಿಷ್ ಅಕ್ಷರದಲ್ಲಿ (m3u8) ಟೈಪ್ ಮಾಡಿ, ಆಮೇಲೆ ರಾಗಂ ಹಚ್ಚಿ. ಕೆಳಗೆ ಒಂದೆರಡು ಸಾಲು ಮೂಡುತ್ತವೆ. ಅದರ ಮೇಲೆ ಬಲ ಕ್ಲಿಕ್ ಮಾಡಿದರೆ ವಿಳಾಸ ಕಾಪಿ ಮಾಡಬಹುದು. ಒಂದು ನೋಟ್‌ಪ್ಯಾಡ್ ಫೈಲ್‌ನಲ್ಲಿ ಅಂಟಿಸಿ ಇಟ್ಟುಕೊಳ್ಳಿ. ಈ ವಿಳಾಸಗಳು ಆಗಾಗ ಬದಲಾಗುತ್ತವೆ, ಆಗ ಇದೇ ದಾರಿಯಲ್ಲಿ ಮತ್ತೆ ಹುಡುಕಬೇಕು.

ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಎನ್ ಒಟ್ಟಿಗೆ ಒತ್ತಿ, ವಿಳಾಸ ಅಂಟಿಸಿ, ಪ್ಲೇ ಕೊಡಿ. ‘ವ್ಯೂ’ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಕಂಟ್ರೋಲ್ಸ್’ ಅಂತಿದೆ, ಅದಕ್ಕೆ ಟಿಕ್ ಹಾಕಿದರೆ ಕೆಂಪು ಗುಂಡಿಯೊಂದು ಬರುತ್ತದೆ. ಒತ್ತಿದರೆ ರೆಕಾರ್ಡಿಂಗ್ ಶುರು, ಮತ್ತೆ ಒತ್ತಿದರೆ ಬಂದ್. ಫೈಲ್ ಎಲ್ಲಿ ಹೋಯಿತು ಅಂತ ಹುಡುಕಾಡುವವರೇ ಜಾಸ್ತಿ. ಸುಮ್ನೆ ಬಿಟ್ಟರೆ ನಿಮ್ಮ ಮ್ಯೂಸಿಕ್ ಅಥವಾ ವಿಡಿಯೋಸ್ ಫೋಲ್ಡರ್‌ನಲ್ಲಿ ‘ವಿಎಲ್‌ಸಿ ರೆಕಾರ್ಡ್’ ಅಂತ ಶುರುವಾಗಿ ತಾರೀಕು, ಗಂಟೆ ಹೊತ್ತ ಉದ್ದ ಹೆಸರಿನಲ್ಲಿ ಕೂತಿರುತ್ತದೆ. ಪ್ರಿಫರೆನ್ಸಸ್‌ನ ‘ಇನ್‌ಪುಟ್ ಆಂಡ್ ಕೋಡೆಕ್ಸ್’ ಭಾಗದಲ್ಲಿ ನಿಮಗೆ ಬೇಕಾದ ಫೋಲ್ಡರ್ ಕೊಟ್ಟುಬಿಡಿ. ಫೈಲ್‌ನ ಬಾಲದಲ್ಲಿ ಟಿಎಸ್ ಅಂತ ಇದ್ದರೆ ಗಾಬರಿ ಬೇಡ, ಎಚ್‌ಎಲ್‌ಎಸ್‌ನ ತುಂಡುಗಳು ಹಾಗೇ ಬರುತ್ತವೆ. ವಿಎಲ್‌ಸಿಯಲ್ಲಿ ಆರಾಮಾಗಿ ಕೇಳಬಹುದು.

ವಿಳಾಸ ಎಷ್ಟು ಹುಡುಕಿದರೂ ಸಿಗಲಿಲ್ಲ ಅಂದಾಗ ಮಾತ್ರ ಎರಡನೆಯ ಜಾತಿಗೆ ಬನ್ನಿ. ಅದರಲ್ಲಿ ಆಡಾಸಿಟಿ ಒಳ್ಳೆಯದು, ಅದೂ ಪುಕ್ಕಟೆ. ಆಡಿಯೋ ಹೋಸ್ಟ್ ಜಾಗದಲ್ಲಿ ‘ವಿಂಡೋಸ್ ವಸಾಪಿ’ ಆರಿಸಿ, ರೆಕಾರ್ಡಿಂಗ್ ಸಾಧನದ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಲೂಪ್‌ಬ್ಯಾಕ್’ ಅಂತಿರುವುದನ್ನು ತಗೊಳ್ಳಿ. ಆಗ ಮೈಕ್ ಇಲ್ಲದೆ, ಕಂಪ್ಯೂಟರ್‌ನೊಳಗೆ ನುಡಿಯುವುದೇ ದಾಖಲಾಗುತ್ತದೆ. ಆದರೆ ನುಡಿಯುವುದೆಲ್ಲವೂ ದಾಖಲಾಗುತ್ತದೆ! ಆಲಾಪದ ನಡುವೆ ವಾಟ್ಸಾಪ್ ಟಿಣ್ ಅಂದರೆ ಅದೂ ಶಾಶ್ವತ. ನೋಟಿಫಿಕೇಷನ್ ಎಲ್ಲ ಬಂದ್ ಮಾಡಿಯೇ ಕೂರಿ. ಉಳಿಸುವಾಗ ಎಂಪಿ3 ಬದಲು ಫ್ಲಾಕ್ ಆರಿಸಿ, ಇನ್ನೊಮ್ಮೆ ಕುಗ್ಗಿಸಿ ಕೆಡಿಸುವುದು ತಪ್ಪುತ್ತದೆ.

ಕೊನೆಯದಾಗಿ, ಇದನ್ನು ನಾನು ಕೈ ಮುಗಿದು ಕೇಳಿಕೊಳ್ಳುತ್ತೇನೆ: ಉದ್ಘೋಷಕರ ಮಾತನ್ನು ಕತ್ತರಿಸಬೇಡಿ. ಸಂಗೀತ ಮಾತ್ರ ಸಾಕು ಅಂತ ತುಂಬಾ ಜನ ಶುರು, ಕೊನೆ ಎರಡನ್ನೂ ಕತ್ತರಿಸುತ್ತಾರೆ. ಹಾಡಿದವರು ಯಾರು, ರಾಗ ಯಾವುದು, ತಬಲಾ ಯಾರು, ಹಾರ್ಮೋನಿಯಂ ಯಾರು ಅನ್ನುವುದೆಲ್ಲ ಇರುವುದು ಆ ಅರ್ಧ ನಿಮಿಷದ ಮಾತಿನಲ್ಲೇ. ದೊಡ್ಡವರ ದನಿ ಯಾರಾದರೂ ಗುರುತು ಹಿಡಿದಾರು. ತಬಲಾ ನುಡಿಸಿದವರ ಹೆಸರು ಆ ಮಾತು ಹೋದರೆ ಹೋದ ಹಾಗೇ. ರೆಕಾರ್ಡಿಂಗ್ ಮುಗಿದ ಅದೇ ರಾತ್ರಿ ಫೈಲ್‌ಗೆ ಹೆಸರು ಕೊಡಿ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಅಂಕಿ, ಆಮೇಲೆ ಕಲಾವಿದರು, ರಾಗ. ವರ್ಷ ಮೊದಲಿದ್ದರೆ ಫೋಲ್ಡರ್‌ನಲ್ಲಿ ತಾರೀಕಿನ ಪ್ರಕಾರ ತಾನೇ ಸಾಲಾಗಿ ನಿಲ್ಲುತ್ತವೆ. 1950ರಿಂದ ಧಾರವಾಡ ನಿಲಯ ಪ್ರಸಾರ ಮಾಡಿದ ಸಂಗೀತವನ್ನು ಮನೆಮನೆಯಲ್ಲಿ ಟೇಪ್ ಹಚ್ಚಿ ಉಳಿಸಿಕೊಂಡವರು ನಿಮ್ಮ ಊರಿನಲ್ಲೇ ಎಷ್ಟು ಜನ ಇದ್ದಾರೋ. ಅವರ ಕ್ಯಾಸೆಟ್‌ಗಳಲ್ಲಿ ಹೆಸರು ಬರೆಯದ್ದು ಸಿಕ್ಕಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಬೆಂಗಳೂರು ಆಕಾಶವಾಣಿಯಲ್ಲಿ ಬೆಳಗ್ಗೆ 6.30ರ ಹೊತ್ತಿಗೆ ಬರುವ ಕಾರ್ಯಕ್ರಮ ಅಮ್ಮನಿಗೆ ಬಹಳ ಇಷ್ಟ. ಅದು ನಮಗೆ ಊಟದ ಹೊತ್ತು. ತಾನೇ ರೆಕಾರ್ಡ್ ಆಗುವ ಹಾಗೆ ಮಾಡಬೇಕು. ಒಂದು ಸಾಫ್ಟ್‌ವೇರ್‌ನಲ್ಲಿ ಟೈಮರ್ ಇಟ್ಟಿದ್ದೆ. ನವೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ಬೇರೆ ಕಾರ್ಯಕ್ರಮ ರೆಕಾರ್ಡ್ ಆಗತೊಡಗಿತು. ಇನ್ನೊಂದು ದಿನ ಕರೆಂಟ್ ಹೋಗಿ ಇಡೀ ಫೈಲೇ ತೆರೆಯಲಿಲ್ಲ.
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಮೊದಲನೆಯದು ಗಡಿಯಾರದ ಸಮಸ್ಯೆ. ನಿಮ್ಮಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿನ ಬೆಳಗಿನ 6.30 ನಿಮಗೆ ಬೇಸಿಗೆಯಲ್ಲಿ ಹಿಂದಿನ ರಾತ್ರಿ 9 ಗಂಟೆ, ಚಳಿಗಾಲದಲ್ಲಿ 8 ಗಂಟೆ.

ನಿಮಗೆ ನಾನು ಎಫ್‌ಎಫ್‌ಎಂಪೆಗ್ ಹೇಳುತ್ತೇನೆ. ಕಿಟಕಿ, ಗುಂಡಿ ಏನೂ ಇಲ್ಲದ ಸಾಫ್ಟ್‌ವೇರ್ ಇದು, ಒಂದು ಸಾಲಿನ ಆಜ್ಞೆ ಕೊಡಬೇಕು. ಅದಕ್ಕೇ ಟೈಮರ್ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಅದಕ್ಕೆ ಹೇಳಬೇಕಾದ್ದು ನಾಲ್ಕೇ ಸಂಗತಿ. ಹೈಫನ್ ಐ ಬರೆದು ಸ್ಟ್ರೀಮ್‌ನ ವಿಳಾಸ. ಹೈಫನ್ ಸಿ ಬರೆದು ‘ಕಾಪಿ’ ಎಂಬ ಪದ, ಅಂದರೆ ಮುಟ್ಟಬೇಡ, ಬಂದ ಹಾಗೇ ಇಳಿಸು ಅಂತ. ಹೈಫನ್ ಟಿ ಬರೆದು ಎಷ್ಟು ಸೆಕೆಂಡು, ಒಂದು ಗಂಟೆಗೆ 3600. ಕೊನೆಗೆ ಫೈಲ್‌ನ ಹೆಸರು. ಎಲ್ಲವೂ ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿ, ನಡುವೆ ಒಂದೊಂದು ಜಾಗ ಬಿಟ್ಟು. ಈ ಸಾಲನ್ನು ಒಂದು ಬ್ಯಾಚ್ ಫೈಲ್‌ನಲ್ಲಿ, ಅಂದರೆ ಆಜ್ಞೆ ಬರೆದಿಡುವ ಫೈಲ್‌ನಲ್ಲಿ, ಇಟ್ಟು, ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಒಪ್ಪಿಸಿ. ಫೈಲ್ ಹೆಸರಿನಲ್ಲಿ ತಾರೀಕು ಸೇರಿಸುವುದು ಮರೆಯಬೇಡಿ, ಇಲ್ಲದಿದ್ದರೆ ನಾಳೆಯದು ಇವತ್ತಿನದರ ಮೇಲೆ ಕೂರಲು ನೋಡುತ್ತದೆ.

ಟಾಸ್ಕ್ ಶೆಡ್ಯೂಲರ್‌ನಲ್ಲಿ ಸಮಯ ಕೊಡುವ ಜಾಗದಲ್ಲೇ ‘ಸಿಂಕ್ರೊನೈಸ್ ಅಕ್ರಾಸ್ ಟೈಮ್ ಝೋನ್ಸ್’ ಅಂತ ಒಂದು ಚಿಕ್ಕ ಪೆಟ್ಟಿಗೆ ಇದೆ. ಅದಕ್ಕೆ ಟಿಕ್ ಹಾಕಿ. ಆಗ ಸಮಯ ನಿಮ್ಮ ಊರಿನ ಗಡಿಯಾರಕ್ಕಲ್ಲ, ಇಡೀ ಜಗತ್ತಿಗೆ ಒಂದೇ ಆಗಿರುವ ಯುಟಿಸಿ ಸಮಯಕ್ಕೆ ಅಂಟಿಕೊಳ್ಳುತ್ತದೆ. ಭಾರತದ ಸಮಯ ಯಾವಾಗಲೂ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ ಇರುವುದರಿಂದ ನವೆಂಬರ್ ಬಂದರೂ ಮಾರ್ಚ್ ಬಂದರೂ ಲೆಕ್ಕ ತಪ್ಪುವುದಿಲ್ಲ. ‘ಕಂಡೀಷನ್ಸ್’ ಟ್ಯಾಬ್‌ನಲ್ಲಿ ಎರಡು ಕೆಲಸ ಇವೆ. ಕಂಪ್ಯೂಟರ್ ಮಲಗಿದ್ದರೆ ಎಬ್ಬಿಸು ಅನ್ನುವುದಕ್ಕೆ ಟಿಕ್ ಹಾಕಿ. ಚಾರ್ಜರ್‌ನಲ್ಲಿ ಇದ್ದಾಗ ಮಾತ್ರ ಶುರು ಮಾಡು ಅನ್ನುವುದು ಮೊದಲೇ ಟಿಕ್ ಆಗಿರುತ್ತದೆ, ಅದನ್ನು ತೆಗೆಯಿರಿ. ಲ್ಯಾಪ್‌ಟಾಪ್‌ನಲ್ಲಿ ‘ಇವತ್ತು ಯಾಕೋ ರೆಕಾರ್ಡ್ ಆಗಲೇ ಇಲ್ಲ’ ಅನ್ನುವುದಕ್ಕೆ ಈ ಟಿಕ್ ಎಷ್ಟೋ ಸಲ ಕಾರಣ.

ಕಾರ್ಯಕ್ರಮಕ್ಕಿಂತ ಐದು ನಿಮಿಷ ಮೊದಲೇ ಶುರು ಮಾಡಿ, ಹತ್ತು ನಿಮಿಷ ಹೆಚ್ಚಿಗೆ ಬಿಡಿ. ಇಂಟರ್‌ನೆಟ್‌ನಲ್ಲಿ ಬರುವ ಧ್ವನಿ ಗಾಳಿಯಲ್ಲಿ ಬರುವುದಕ್ಕಿಂತ ತಡ.

ಇನ್ನು ತೆರೆಯದೇ ಹೋದ ಫೈಲ್. ಅದು ಎಂ4ಎ ಅಥವಾ ಎಂಪಿ4 ಆಗಿತ್ತು ಅಂತ ನನ್ನ ಊಹೆ. ಆ ಬಗೆಯ ಫೈಲ್‌ನಲ್ಲಿ ಯಾವ ತುಂಡು ಎಲ್ಲಿದೆ ಅನ್ನುವ ಸೂಚಿಯನ್ನು ಸಾಫ್ಟ್‌ವೇರ್ ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದ ಮೇಲೆ ಕಡೆಯಲ್ಲಿ ಬರೆಯುತ್ತದೆ. ನಡುವೆ ಕರೆಂಟ್ ಹೋದರೆ ಸೂಚಿಯೇ ಇಲ್ಲ. ಧ್ವನಿಯೆಲ್ಲ ಒಳಗೇ ಇದ್ದರೂ ಪ್ಲೇಯರ್‌ಗೆ ದಾರಿ ಗೊತ್ತಾಗುವುದಿಲ್ಲ. ನೇರ ಪ್ರಸಾರವನ್ನು ಹಿಡಿಯುವಾಗ ಟಿಎಸ್, ಎಎಸಿ ಅಥವಾ ಎಂಪಿ3 ಆಗಿಯೇ ಇಳಿಸಿ. ಇವು ಎಲ್ಲಿ ತುಂಡಾದರೂ ಅಲ್ಲಿಯವರೆಗಿನದು ಕೇಳುತ್ತದೆ. ಎಂ4ಎ ಬೇಕಿದ್ದರೆ ಆಮೇಲೆ ಅದೇ ಎಫ್‌ಎಫ್‌ಎಂಪೆಗ್‌ನಿಂದ ಕಾಪಿ ವಿಧಾನದಲ್ಲಿ ಬದಲಿಸಿಕೊಳ್ಳಿ, ಗುಣಮಟ್ಟ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಪ್ರಶ್ನೆ: ಹಾಡುಗಳನ್ನು ಒಂದೊಂದಾಗಿ ಬೇರೆ ಬೇರೆ ಫೈಲ್ ಮಾಡಿ ಕೊಡುವ ಸಾಫ್ಟ್‌ವೇರ್ ಇದೆ ಅಂತ ಗೆಳೆಯ ಹೇಳಿದ. ಹಾಕಿದೆ. ಹಾಡಿನ ಹೆಸರೂ ಬರುತ್ತದೆ. ಆದರೆ ಪ್ರತಿ ಹಾಡಿನ ಶುರುವಿನಲ್ಲಿ ಹಿಂದಿನ ಹಾಡಿನ ಬಾಲ ಇರುತ್ತದೆ. ಏನು ಮಾಡಲಿ?
— ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಸ್ಟ್ರೀಮ್‌ರಿಪ್ಪರ್, ಸ್ಟ್ರೀಮ್‌ರೈಟರ್ ಇಂಥವು ಈ ಕೆಲಸ ಮಾಡುತ್ತವೆ. ಸಾಫ್ಟ್‌ವೇರ್ ಬದಲಿಸಿದರೆ ಈ ತೊಂದರೆ ಹೋಗುವುದಿಲ್ಲ ಮಗಳೇ, ಯಾಕೆ ಅಂತ ಹೇಳುತ್ತೇನೆ.

ಶೌಟ್‌ಕಾಸ್ಟ್, ಐಸ್‌ಕಾಸ್ಟ್ ಎಂಬ ಪ್ರಸಾರದ ಸಾಫ್ಟ್‌ವೇರ್ ಬಳಸುವ ಸ್ಟೇಷನ್‌ಗಳು ಧ್ವನಿಯ ನಡುನಡುವೆ ಹಾಡಿನ ಹೆಸರನ್ನು ತುರುಕಿ ಕಳಿಸುತ್ತವೆ. ಇಷ್ಟು ಬೈಟ್‌ಗೊಮ್ಮೆ ಅಂತ ಲೆಕ್ಕ ಇರುತ್ತದೆ, ಐಸ್‌ಕಾಸ್ಟ್‌ನಲ್ಲಿ ಸಾಮಾನ್ಯವಾಗಿ 16,000 ಬೈಟ್‌ಗೆ ಒಮ್ಮೆ. ಸೆಕೆಂಡಿಗೆ 128 ಕಿಲೋಬಿಟ್ ಬರುವ ಸ್ಟ್ರೀಮ್‌ನಲ್ಲಿ ಅದು ಸರಿಯಾಗಿ ಒಂದು ಸೆಕೆಂಡು. ಹೆಸರು ಬದಲಾದದ್ದು ಕಂಡ ಕೂಡಲೇ ಸಾಫ್ಟ್‌ವೇರ್ ಕತ್ತರಿ ಹಾಕುತ್ತದೆ. ಆದರೆ ಸ್ಟೇಷನ್‌ನ ಸರ್ವರ್‌ಗೆ ಹೆಸರು ಒಂದು ದಾರಿಯಲ್ಲಿ ಬರುತ್ತದೆ, ಧ್ವನಿ ಇನ್ನೊಂದು ದಾರಿಯಲ್ಲಿ ಕುಗ್ಗಿ, ಬಫರ್‌ನಲ್ಲಿ ಕಾದು ಬರುತ್ತದೆ. ಎರಡೂ ಒಂದೇ ಕ್ಷಣಕ್ಕೆ ಸೇರುವುದು ಅಪರೂಪ. ಅದರ ಮೇಲೆ ಎಷ್ಟೋ ಸ್ಟೇಷನ್‌ಗಳು ಒಂದು ಹಾಡು ಇಳಿಯುತ್ತಿರುವಾಗಲೇ ಇನ್ನೊಂದನ್ನು ಏರಿಸುತ್ತವೆ. ಎರಡೂ ಬೆರೆತಿರುವ ಆ ಜಾಗದಲ್ಲಿ ಯಾವ ಕತ್ತರಿ ಏನು ಮಾಡೀತು?

ಒಂದೊಂದು ಸ್ಟೇಷನ್‌ನಲ್ಲಿ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಇರುತ್ತದೆ. ಸ್ಟ್ರೀಮ್‌ರಿಪ್ಪರ್‌ನಲ್ಲಿ ಕತ್ತರಿಸುವ ಜಾಗವನ್ನು ಹಿಂದೆ ಮುಂದೆ ಸರಿಸುವ ಸೌಲಭ್ಯ ಇದೆ, ಹತ್ತಿರದ ನಿಶ್ಶಬ್ದ ಹುಡುಕಿ ಅಲ್ಲಿ ಕತ್ತರಿಸುವುದನ್ನೂ ಅದು ಮಾಡುತ್ತದೆ. ಆದರೆ ಅದು ಹಳೆಯದು, ಎಚ್‌ಎಲ್‌ಎಸ್ ಸ್ಟ್ರೀಮ್ ಅದಕ್ಕೆ ಗೊತ್ತೇ ಇಲ್ಲ. ನನ್ನನ್ನು ಕೇಳಿದರೆ ಇಡೀ ಗಂಟೆಯನ್ನು ಒಂದೇ ಫೈಲ್ ಆಗಿ ಇಳಿಸಿ, ಬೇಕಾದ ಹಾಡನ್ನು ನೀವೇ ಕತ್ತರಿಸಿಕೊಳ್ಳುವುದು ವಾಸಿ. ಎಂಪಿ3 ಆದರೆ ‘ಎಂಪಿ3 ಡೈರೆಕ್ಟ್‌ಕಟ್’, ಬೇರೆ ಬಗೆಯದಾದರೆ ‘ಲಾಸ್‌ಲೆಸ್‌ಕಟ್’. ಎರಡೂ ಮತ್ತೆ ಕುಗ್ಗಿಸದೆ ಕತ್ತರಿಸುತ್ತವೆ.

ಪ್ರಶ್ನೆ: ಹೀಗೆ ರೆಕಾರ್ಡ್ ಮಾಡುವುದು ಕಾನೂನಿಗೆ ವಿರುದ್ಧವಲ್ಲವೇ? ನಾನು ಸಂಗೀತ ಪಾಠ ಹೇಳುತ್ತೇನೆ. ಮಕ್ಕಳಿಗೆ ಕೇಳಿಸಬಹುದೇ? ಯೂಟ್ಯೂಬ್‌ಗೆ ಹಾಕಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಬಹಳ ಜನ ಕೇಳದೇ ಬಿಡುವ ಪ್ರಶ್ನೆ ಕೇಳಿದ್ದೀರಿ ಮೇಡಂ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಸೆಕ್ಷನ್ ಪ್ರಸಾರ ಮಾಡಿದ ಸಂಸ್ಥೆಗೆ ಆ ಪ್ರಸಾರದ ಮೇಲೆ 25 ವರ್ಷದ ಹಕ್ಕು ಕೊಡುತ್ತದೆ. ಆದರೆ 39ನೇ ಸೆಕ್ಷನ್, ತಾನೇ ಕೇಳಲು ಮಾಡಿಕೊಂಡ ರೆಕಾರ್ಡಿಂಗ್, ಇಲ್ಲವೇ ಪ್ರಾಮಾಣಿಕವಾಗಿ ಬೋಧನೆ, ಸಂಶೋಧನೆಗೆ ಮಾತ್ರ ಮಾಡಿದ ರೆಕಾರ್ಡಿಂಗ್ ಆ ಹಕ್ಕಿನ ಉಲ್ಲಂಘನೆಯಲ್ಲ ಅನ್ನುತ್ತದೆ. ಕೃತಿಯ ಮೇಲಿನ ಹಕ್ಕಿನ ವಿಷಯಕ್ಕೆ 52ನೇ ಸೆಕ್ಷನ್‌ನಲ್ಲಿ ಸ್ವಂತ ಬಳಕೆಗೆ, ಸಂಶೋಧನೆಗೆ ನ್ಯಾಯವಾದ ಉಪಯೋಗಕ್ಕೆ ಅವಕಾಶ ಇದೆ. ಹಾಗಾಗಿ ನೀವು ಮನೆಯಲ್ಲಿ ಕೇಳಿ. ಪಾಠದಲ್ಲಿ ತೋಡಿಯ ಒಂದು ಸಂಚಾರ ತೋರಿಸಲು ಮಕ್ಕಳಿಗೆ ಕೇಳಿಸಿ.

ಯೂಟ್ಯೂಬ್‌ಗೆ ಬೇಡ. ಅದು ಸ್ವಂತಕ್ಕೂ ಅಲ್ಲ, ಪಾಠಕ್ಕೂ ಅಲ್ಲ. ಹಾಡಿದವರಿಗೂ ಅದರ ಮೇಲೆ ಬೇರೆಯೇ ಹಕ್ಕು ಇದೆ. ಅಪರೂಪದ್ದು ಸಿಕ್ಕಿದೆ, ಹತ್ತು ಜನಕ್ಕೆ ಮುಟ್ಟಲಿ ಅನ್ನುವ ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ಅಂಥದ್ದಿದ್ದರೆ ಕಲಾವಿದರ ಕುಟುಂಬಕ್ಕೆ ಒಂದು ಪ್ರತಿ ಕೊಟ್ಟು, ನಿಲಯಕ್ಕೆ ಒಂದು ಪತ್ರ ಬರೆಯಿರಿ. ಕುಟುಂಬದವರ ಹತ್ತಿರ ಎಷ್ಟೋ ಸಲ ಒಂದೂ ರೆಕಾರ್ಡಿಂಗ್ ಇರುವುದಿಲ್ಲ.

ಪ್ರಶ್ನೆ: ನನ್ನ ಹತ್ತಿರ ಮ್ಯಾಕ್ ಇದೆ. ಏನು ಬಳಸಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ವಿಎಲ್‌ಸಿ, ಎಫ್‌ಎಫ್‌ಎಂಪೆಗ್ ಎರಡೂ ಮ್ಯಾಕ್‌ಗೂ ಇವೆ, ವಿಳಾಸ ಸಿಕ್ಕರೆ ಅವೇ ಸಾಕು. ಒಳಗಿನ ಧ್ವನಿಯನ್ನೇ ಹಿಡಿಯಬೇಕಾದರೆ ಆಡಾಸಿಟಿಯೊಂದೇ ಸಾಲದು, ‘ಬ್ಲ್ಯಾಕ್‌ಹೋಲ್’ ಎಂಬ ಪುಕ್ಕಟೆ ಸಾಧನ ಜೊತೆಗೆ ಹಾಕಬೇಕು. ಸೆಟ್ಟಿಂಗ್‌ನಲ್ಲಿ ಪರದಾಡಲು ಇಷ್ಟವಿಲ್ಲದಿದ್ದರೆ ‘ಆಡಿಯೋ ಹೈಜಾಕ್’ ಇದೆ. ದುಡ್ಡು ಕೊಡಬೇಕು, ಆದರೆ ಇದು ಕೊಟ್ಟ ದುಡ್ಡಿಗೆ ಸರಿಯಾದ ಕೆಲಸ ಮಾಡುತ್ತದೆ.

ಪ್ರಶ್ನೆ: ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ನಡೆಯಬೇಕು. ಎರಡು ಗಂಟೆ ರೆಕಾರ್ಡ್ ಮಾಡಿದರೆ ಎಷ್ಟು ಡೇಟಾ ಹೋಗುತ್ತದೆ? ಡಿಸ್ಕ್ ತುಂಬಿಹೋಗುವುದಿಲ್ಲವೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ಹೆದರುವಷ್ಟಿಲ್ಲ. 64 ಕಿಲೋಬಿಟ್ ಸ್ಟ್ರೀಮ್ ಗಂಟೆಗೆ ಸುಮಾರು 29 ಎಂಬಿ, 128 ಆದರೆ ಸುಮಾರು 58. ಎರಡು ಗಂಟೆಗೆ ಇದರ ಎರಡರಷ್ಟು. ಬಂದ ಹಾಗೇ ಇಳಿಸಿದರೆ ಫೈಲ್ ಕೂಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದೇ ಆಡಾಸಿಟಿಯಿಂದ ಸಿಡಿ ಗುಣಮಟ್ಟದ ವೇವ್ ಫೈಲ್ ಮಾಡಿದರೆ ಗಂಟೆಗೆ ಸುಮಾರು 635 ಎಂಬಿ ಡಿಸ್ಕ್ ತಿನ್ನುತ್ತದೆ. ಗುಣಮಟ್ಟ ಮಾತ್ರ ಆ 64ರದ್ದೇ, ಇಲ್ಲದ್ದು ಹೊಸದಾಗಿ ಬರುವುದಿಲ್ಲ. ಒಂದು ವಿಷಯ ಗಮನದಲ್ಲಿರಲಿ. ಎಫ್‌ಎಫ್‌ಎಂಪೆಗ್ ರೆಕಾರ್ಡ್ ಮಾಡುತ್ತಿರುವಾಗಲೇ ಬ್ರೌಸರ್‌ನಲ್ಲಿ ಅದನ್ನೇ ಹಚ್ಚಿ ಕೇಳಿದರೆ ಡೇಟಾ ಎರಡೆರಡು ಸಲ ಹೋಗುತ್ತದೆ. ಕೇಳುತ್ತಾ ರೆಕಾರ್ಡ್ ಮಾಡಬೇಕಿದ್ದರೆ ವಿಎಲ್‌ಸಿಯಲ್ಲೇ ಮಾಡಿ, ಒಂದೇ ಸಲ ಹೋಗುತ್ತದೆ.